ಎಳೆಯುತ್ತೆ ಸರಿ, ಹೊರುತ್ತಾ?

ಅಮೆರಿಕದಲ್ಲಿ ಬೇಸಿಗೆ ರಜೆ ಬಂತೆಂದರೆ ಟ್ರಾವೆಲ್ ಟ್ರೇಲರ್‌ಗಳು, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆಗಳು, ರಸ್ತೆಗೆ ಇಳಿಯುತ್ತವೆ. ಒಳಗೇ ಅಡುಗೆಮನೆ, ಹಾಸಿಗೆ, ಬಚ್ಚಲು. ಎಲ್ಲಿ ಹೋದರೂ ಅನ್ನ-ಸಾರು ಬೇಕೇ ಬೇಕು ಎನ್ನುವ ನಮ್ಮವರಿಗೆ ಹೇಳಿ ಮಾಡಿಸಿದ್ದು. ಮಾರುವವರನ್ನು ಕೇಳಿದರೆ, "ನಿಮ್ಮ ಎಸ್‌ಯುವಿ 5000 ಪೌಂಡ್ ಎಳೆಯುತ್ತೆ, ಈ ಟ್ರೇಲರ್ 3700 ಪೌಂಡ್ ಅಷ್ಟೇ" ಎನ್ನುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಮೊದಲು ನೋಡಬೇಕಾದ ಅಂಕಿ ಬೇರೆಯೇ ಇದೆ.

1. ಬಾಗಿಲು ತೆಗೆದು ಓದಿ

ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಟೈರ್ ಗಾಳಿಯ ವಿವರವಿರುವ ಸ್ಟಿಕ್ಕರ್ ಕಾಣುತ್ತದೆ. ಕುಳಿತವರು ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಇದೇ ಪೇಲೋಡ್, ಅಂದರೆ ನಿಮ್ಮ ಕಾರು ಹೊರುವ ತೂಕ. ಜಾಹೀರಾತಿನ ಅಂಕಿ ನಂಬಬೇಡಿ. ಸನ್‌ರೂಫ್, ಮೂರನೇ ಸಾಲಿನ ಸೀಟು ಇದ್ದರೆ ಅದೇ ಮಾಡೆಲ್‌ನ ಕಾರೂ ಕಡಿಮೆ ಹೊರುತ್ತದೆ. ನಮ್ಮ ಉದಾಹರಣೆಗೆ 1300 ಪೌಂಡ್, ಸುಮಾರು 590 ಕಿಲೋ, ಎಂದಿಟ್ಟುಕೊಳ್ಳೋಣ.

2. ಖಾಲಿ ತೂಕ ಮರೆತುಬಿಡಿ

ಆ 3700 ಪೌಂಡ್ ಕಾರ್ಖಾನೆಯಿಂದ ಹೊರಬಂದಾಗಿನ ತೂಕ. ಖಾಲಿ ಟ್ರೇಲರ್ ತಗೊಂಡು ಯಾರೂ ಪ್ರವಾಸ ಹೋಗುವುದಿಲ್ಲ ಅಲ್ವಾ? ಒಂದು ಗ್ಯಾಲನ್ ನೀರು 8.3 ಪೌಂಡ್ ತೂಗುತ್ತದೆ. 30 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ ಅಲ್ಲೇ 250 ಪೌಂಡ್. ಮೇಲೆ ಗ್ಯಾಸ್ ಸಿಲಿಂಡರ್, ಬ್ಯಾಟರಿ, ಕುಕ್ಕರ್, 20 ಪೌಂಡಿನ ಸೋನಾ ಮಸೂರಿ ಚೀಲ. ಅದಕ್ಕೇ ಟ್ರೇಲರ್‌ನ ಮೈಮೇಲಿನ ಫಲಕದಲ್ಲಿ ಬರೆದ ಗರಿಷ್ಠ ತೂಕವನ್ನೇ ಲೆಕ್ಕಕ್ಕೆ ಹಿಡಿಯಿರಿ. ಇಲ್ಲಿ 4800 ಎನ್ನೋಣ.

3. ಮೂಕಿಯ ಭಾರ

ಎತ್ತಿನ ಗಾಡಿ ಹೇರಿದವರಿಗೆ ಇದು ಗೊತ್ತು. ಹಿಂದಕ್ಕೆ ಭಾರ ಜಾಸ್ತಿಯಾದರೆ ಮೂಕಿ, ಅಂದರೆ ಗಾಡಿಯ ಮುಂದೆ ಚಾಚಿದ ಮರ, ಮೇಲೇಳುತ್ತದೆ. ಮುಂದಕ್ಕೆ ಜಾಸ್ತಿಯಾದರೆ ಎತ್ತಿನ ಕುತ್ತಿಗೆಗೆ ಸಂಕಟ. ಟ್ರೇಲರ್‌ದೂ ಅದೇ ಕತೆ. ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಮುಂದಿನ ಕೊಂಡಿಯ ಮೇಲೆ ಕೂರಬೇಕು. ಇದೇ ಟ್ರೇಲರ್‌ನ ಮೂಕಿಯ ಭಾರ. ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರ್ ಬಾಲದಂತೆ ಅತ್ತಿತ್ತ ಆಡಲು ಶುರುಮಾಡುತ್ತದೆ. ಆಗ ಗಾಬರಿಯಿಂದ ಕಾರಿನ ಬ್ರೇಕ್ ಒತ್ತಬಾರದು. ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಮೆಲ್ಲಗೆ ಬಿಡಬೇಕು.

ಈ ಭಾರವನ್ನು ಹೊರುವುದು ಕಾರು. ಹಾಗಾಗಿ ಅದು ಪೇಲೋಡ್‌ನಿಂದಲೇ ಕಳೆಯುತ್ತದೆ.

4. ಕಳೆಯುವ ಲೆಕ್ಕ

4800ರಲ್ಲಿ ನೂರಕ್ಕೆ 13 ಅಂದರೆ 624. ಟ್ರೇಲರನ್ನು ಕಾರಿಗೆ ಜೋಡಿಸುವ, ಭಾರ ಹಂಚುವ ಹಿಚ್‌ನದ್ದೇ ತೂಕ 80 ಎನ್ನಿ. 1300ರಲ್ಲಿ 704 ಹೋಯಿತು, ಉಳಿದದ್ದು 596. ಗಂಡ, ಹೆಂಡತಿ, ಇಬ್ಬರು ಮಕ್ಕಳು ಸೇರಿ 460. ಇನ್ನು 136 ಪೌಂಡ್‌ನಲ್ಲಿ ಬ್ಯಾಗುಗಳನ್ನು ಕಾರಿನಲ್ಲಿ ಇಡಬಹುದು. ಪರವಾಗಿಲ್ಲ, ಪಾಸು.

ಈಗ ಮೈಸೂರಿನಿಂದ ಅಜ್ಜ-ಅಜ್ಜಿ ಬಂದಿದ್ದಾರೆ. ಹಿಂದಿನ ಸೀಟು ಖಾಲಿ ಇದೆ, ಟ್ರೇಲರ್‌ನಲ್ಲಿ ಆರು ಜನ ಮಲಗಬಹುದು. ಅವರಿಬ್ಬರದು 280 ಪೌಂಡ್. ಬ್ಯಾಗುಗಳನ್ನೆಲ್ಲ ಮನೆಯಲ್ಲೇ ಬಿಟ್ಟರೂ 144 ಪೌಂಡ್ ಮೀರಿತು! ಎಳೆಯುವ ಮಿತಿಗೆ ಇನ್ನೂ 200 ಪೌಂಡ್ ಬಾಕಿ ಇರುವಾಗಲೇ ಹೊರುವ ಮಿತಿ ದಾಟಿಹೋಯಿತು. 5000 ಎಂಬ ಅಂಕಿಯನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದೇ ಕಾರಿನಲ್ಲಿ ತಲಾ 150 ಪೌಂಡಿನ ಇಬ್ಬರಿದ್ದಾರೆ ಎಂದುಕೊಂಡು. ಆರು ಜನರ ಸಂಸಾರ ಅದರಲ್ಲಿಲ್ಲ. ಅಜ್ಜ-ಅಜ್ಜಿಯನ್ನು ಬಿಟ್ಟು ಹೋಗುವ ಬದಲು ಚಿಕ್ಕ ಟ್ರೇಲರ್ ಬಾಡಿಗೆಗೆ ತಗೊಳ್ಳಿ ಎನ್ನುವುದು ನನ್ನ ಸಲಹೆ.

5. ಉಳಿದ ಸಾಮಾನು

ಹಿಚ್, ಟ್ರೇಲರ್‌ನ ಕೊಂಡಿ ಕೂರುವ ಅದರ ಗುಂಡು (ಬಾಲ್), ಆ ಬಾಲ್ ಕೂರುವ ಪಟ್ಟಿ, ಪ್ರತಿಯೊಂದರ ಮೇಲೂ ಅದರದರ ಮಿತಿ ಅಚ್ಚಾಗಿರುತ್ತದೆ. ಎಲ್ಲಕ್ಕಿಂತ ಕಡಿಮೆ ಯಾವುದೋ ಅದೇ ನಿಮ್ಮ ಮಿತಿ. ಬಹಳಷ್ಟು ರಾಜ್ಯಗಳಲ್ಲಿ 3000 ಪೌಂಡ್ ದಾಟಿದ ಟ್ರೇಲರ್‌ಗೆ ಸ್ವಂತ ಬ್ರೇಕ್ ಕಡ್ಡಾಯ. ಅದು ವಿದ್ಯುತ್ ಬ್ರೇಕ್ ಆದರೆ, ಕೆಲಸ ಮಾಡಲು ಕಾರಿನಲ್ಲಿ ಬ್ರೇಕ್ ಕಂಟ್ರೋಲರ್ ಬೇಕು.

6. ತೂಗಿಯೇ ನೋಡಿ

ಮೂಕಿಯ ಭಾರ ಅಳೆಯಲು ಬಚ್ಚಲುಮನೆಯ ತೂಕದ ಯಂತ್ರ ಸಾಕು. ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಅಡ್ಡ ಕೊಟ್ಟು ಟ್ರೇಲರ್ ನಿಲ್ಲಿಸಿ. ಗಟ್ಟಿ ಮರದ ತೊಲೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲೆ, ಇನ್ನೊಂದನ್ನು ಯಂತ್ರದ ಮೇಲೆ ಇಡಿ. ಇಟ್ಟಿಗೆಯಿಂದ 1 ಅಡಿ, ಯಂತ್ರದಿಂದ 2 ಅಡಿ ದೂರದಲ್ಲಿ ಕೊಂಡಿ ತೊಲೆಯ ಮೇಲೆ ಕೂರಲಿ. ಯಂತ್ರ ತೋರಿಸಿದ್ದನ್ನು 3ರಿಂದ ಗುಣಿಸಿ. 208 ಬಂದರೆ 624 ಎಂದರ್ಥ.

ಒಟ್ಟು ತೂಕಕ್ಕೆ ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ಗೆ ಹೋಗಿ. ನೀರು, ಸಾಮಾನು, ಮನೆಮಂದಿ ಎಲ್ಲ ಸೇರಿಸಿಕೊಂಡೇ ತೂಕದ ಕಟ್ಟೆ ಹತ್ತಿ. ಕಾರಿನ ಮುಂದಿನ ಆಕ್ಸಲ್ (ಚಕ್ರಗಳ ಅಚ್ಚು), ಹಿಂದಿನ ಆಕ್ಸಲ್, ಟ್ರೇಲರ್ ಮೂರರದೂ ಬೇರೆಬೇರೆ ತೂಕ ಬರೆದ ಚೀಟಿ ಕೊಡುತ್ತಾರೆ. ಬಾಗಿಲ ಕಂಬದ ಇನ್ನೊಂದು ಸ್ಟಿಕ್ಕರ್‌ನಲ್ಲಿ ಆಕ್ಸಲ್‌ಗಳ ಮಿತಿ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಿತಿ ದಾಟುವುದು ಹೆಚ್ಚಾಗಿ ಹಿಂದಿನ ಆಕ್ಸಲ್ಲೇ.

7. ಬೆಟ್ಟದ ದಾರಿಯಾದರೆ

ಟರ್ಬೊ ಇಲ್ಲದ ಎಂಜಿನ್ ಪ್ರತಿ 1000 ಅಡಿ ಏರಿದಂತೆ ಸುಮಾರು ನೂರಕ್ಕೆ 3ರಷ್ಟು ಕಸುವು ಕಳೆದುಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಟಿಯೋಗಾ ಪಾಸ್ ಎಂಬ ಘಾಟಿ 9943 ಅಡಿ ಎತ್ತರದಲ್ಲಿದೆ. ಅಲ್ಲಿ ಹತ್ತುವಾಗ ಲಾರಿಗಳ ಹಾಗೆ ನಿಧಾನವಾದರೆ ಬೇಜಾರು ಬೇಡ. ಇಳಿಯುವಾಗ ಚಿಕ್ಕ ಗೇರ್ ಹಾಕಿಕೊಳ್ಳಿ, ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಇಳಿಯಬೇಡಿ.