ಬಾತುಕೋಳಿ: ಮೊದಲು ಕುಲ ನೋಡಿ, ಆಮೇಲೆ ಕಾವಿಗಿಡಿ

ಸಿಂಧನೂರು, ಗಂಗಾವತಿ, ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಬಾತು ಸಾಕುವವರು ಮೊದಲು ತಿಳಿಯಬೇಕಾದ್ದು: ಬಾತುಗಳೆಲ್ಲ ಒಂದೇ ಕುಲದವಲ್ಲ. ನಾಟಿ ಬಾತು, ಖಾಕಿ ಕ್ಯಾಂಪ್‌ಬೆಲ್, ಬಿಳಿ ಪೆಕಿನ್, ನೆಟ್ಟಗೆ ನಡೆಯುವ ಇಂಡಿಯನ್ ರನ್ನರ್ ಮಲಾರ್ಡ್ ಎಂಬ ಕಾಡುಬಾತಿನ ಸಂತತಿ. ಮಸ್ಕೋವಿ ಬೇರೆಯೇ ಪ್ರಭೇದ. ಅದನ್ನು ಪಳಗಿಸಿದವರು ಅಮೆರಿಕ ಖಂಡದ ಮೂಲನಿವಾಸಿಗಳು.

ಕೊಳ್ಳುವಾಗ ಮುಖ ನೋಡಿ. ಕಣ್ಣಿನ ಸುತ್ತ ಕೆಂಪು ಗಂಟುಗಂಟು ಚರ್ಮವಿದ್ದರೆ ಮಸ್ಕೋವಿ. ಬೆಳೆದ ಗಂಡಿನ ಬಾಲದ ಮೇಲೆ ಸುರುಳಿ ಗರಿಯಿದ್ದರೆ ಮಲಾರ್ಡ್ ಕುಲ. ಗರಿ ಉದುರುವ ಕಾಲದಲ್ಲಿ ಸುರುಳಿ ಕಾಣದು, ಆಗ ದನಿ ಕೇಳಿ: ಗಟ್ಟಿಯಾಗಿ ಕ್ವಾಕ್ ಎನ್ನುವುದು ಮಲಾರ್ಡ್ ಕುಲದ ಹೆಣ್ಣು, ಮಸ್ಕೋವಿ ಗಂಡು ಬುಸುಗುಡುತ್ತದೆ.

ಎರಡನ್ನೂ ಒಟ್ಟಿಗೆ ಬಿಟ್ಟರೆ ಕೂಡುತ್ತವೆ. ಹುಟ್ಟುವ ಮರಿ ಮಾಂಸಕ್ಕೆ ಚೆನ್ನ, ಆದರೆ ಹೇಸರಗತ್ತೆಯಂತೆ ಬಂಜೆ. ತಳಿ ಮುಂದುವರಿಸಬೇಕೆಂದರೆ ಬೇರೆ ದೊಡ್ಡಿ ಮಾಡಿ, 5–6 ಹೆಣ್ಣಿಗೆ 1 ಗಂಡು ಬಿಡಿ.

ಮಲಾರ್ಡ್ ಕುಲದ ಮೊಟ್ಟೆಗೆ 28 ದಿನ ಕಾವು, ಮಸ್ಕೋವಿಗೆ ಸುಮಾರು 35. ಇಪ್ಪತ್ತೆಂಟಕ್ಕೆ ಒಡೆಯಲಿಲ್ಲವೆಂದು ಮಸ್ಕೋವಿ ಮೊಟ್ಟೆ ಎಸೆಯಬೇಡಿ, ಒಳಗೆ ಜೀವ ಇರುತ್ತದೆ! ಹೆಚ್ಚು ಮೊಟ್ಟೆಗಾಗಿಯೇ ತಲೆಮಾರುಗಟ್ಟಲೆ ಆರಿಸಿದ್ದರಿಂದ ಖಾಕಿ ಕ್ಯಾಂಪ್‌ಬೆಲ್ ಕಾವಿಗೆ ಕೂರುವುದನ್ನೇ ಬಹುತೇಕ ಬಿಟ್ಟಿದೆ. ಅದರ 8–10 ಮೊಟ್ಟೆಯನ್ನು ಕಾವು ಕೂತ ನಾಟಿ ಕೋಳಿಯ ಕೆಳಗಿಡಿ. ಗಾಳಿಯಾಡುವ ಕಾವು ಯಂತ್ರವಾದರೆ ಶಾಖ 37.5 ಡಿಗ್ರಿ ಸೆಲ್ಸಿಯಸ್.

ರಾಯಚೂರಿನ ಬೇಸಿಗೆಯಲ್ಲಿ ಕೆಡುವುದು ಇಲ್ಲೇ: ಬಿಸಿ ಕೋಣೆಯಲ್ಲಿ ಕೂಡಿಟ್ಟ ಮೊಟ್ಟೆಯೊಳಗೆ ಭ್ರೂಣ ಅರೆಬರೆ ಬೆಳೆದು ಸಾಯುತ್ತದೆ. ಒದ್ದೆ ಮರಳಿನ ಮೇಲಿಟ್ಟ ಮಡಕೆಯಲ್ಲಿ, ಚೂಪು ತುದಿ ಕೆಳಗಾಗಿ ಇಟ್ಟು, ಬೇಸಿಗೆಯಲ್ಲಿ 3–4 ದಿನದೊಳಗೆ ಕಾವಿಗೆ ಹಾಕಿ.