ಹಳೇ ಉಗಿ ಸಾಮಿಲ್‌ನ ಮಾದರಿ: ದಿಮ್ಮಿಯ ದಾರಿ ಮೊದಲು, ಗೋಡೆ ಆಮೇಲೆ

ಇಲ್ಲಿ ಕಟ್ಟುವುದು 1910ರ ಆಸುಪಾಸಿನ, ಅಮೆರಿಕದ ವಾಷಿಂಗ್ಟನ್-ಒರೆಗಾನ್ ಕಡೆಯ ಉಗಿ ಸಾಮಿಲ್. ಕೊಯ್ಯುವ ಮರ ಡಗ್ಲಸ್ ಫರ್. ಅಳತೆ ಎಚ್‌ಒ, ಅಂದರೆ 1:87. ನಿಜದ ಒಂದು ಅಡಿ ಇಲ್ಲಿ 3.5 ಮಿ.ಮೀ. 40 ಅಡಿ ಅಗಲ, 120 ಅಡಿ ಉದ್ದದ ಶೆಡ್ಡು 14 × 42 ಸೆಂ.ಮೀ. ಆಗುತ್ತದೆ. ಕೊಳ, ಬಾಯ್ಲರ್ ಮನೆ, ರೈಲು ಹಳಿ ಸೇರಿ 75 × 45 ಸೆಂ.ಮೀ. ಪ್ಲೈವುಡ್ ಬೇಕು. ದಪ್ಪ 12 ಮಿ.ಮೀ. ಇರಲಿ, ತೆಳುವಾದದ್ದು ಅಂಟಿನ ತೇವಕ್ಕೇ ಬಾಗುತ್ತದೆ.

ಗೋಡೆಯಿಂದ ಶುರುಮಾಡುವವರೇ ಹೆಚ್ಚು; ಆಮೇಲೆ ಯಂತ್ರಗಳು ಒಳಗೆ ಕೂರುವುದಿಲ್ಲ. ಮೊದಲು ದಿಮ್ಮಿ ಸಾಗುವ ದಾರಿಯನ್ನು ಪ್ಲೈವುಡ್ ಮೇಲೆ ಪೆನ್ಸಿಲ್‌ನಲ್ಲಿ ಎಳೆಯಿರಿ. ರೈಲಿನಿಂದ ಕೊಳಕ್ಕೆ, ಕೊಳದಿಂದ ಸರಪಳಿಯ ಇಳಿಜಾರು ಹತ್ತಿ ಮೇಲಂತಸ್ತಿಗೆ, ಅಲ್ಲಿ ಗಾಡಿಯ ಮೇಲೆ ದೊಡ್ಡ ಗರಗಸಕ್ಕೆ, ಅಂಚು ಕತ್ತರಿಸುವ ಯಂತ್ರಕ್ಕೆ, ಉದ್ದ ಸರಿಮಾಡುವ ಯಂತ್ರಕ್ಕೆ, ಕೊನೆಗೆ ಹಸಿ ಹಲಗೆ ವಿಂಗಡಿಸುವ ಜಗಲಿಗೆ. ಶಾಫ್ಟು, ಪುಲ್ಲಿ, ಬೆಲ್ಟುಗಳ ಜಾಗ ಕೆಳ ಅಂತಸ್ತು. ಮರದ ಹೊಟ್ಟೇ ಬಾಯ್ಲರಿಗೆ ಉರುವಲು, ಹಾಗಾಗಿ ಅದನ್ನು ಸಾಗಿಸುವ ಸರಪಳಿ ಬಾಯ್ಲರ್ ಮನೆ ತಲುಪಲೇಬೇಕು.

ಅತಿ ಹೆಚ್ಚು ತಪ್ಪುವುದು ಗಾಡಿಯ ಹಳಿಯಲ್ಲಿ. ದಿಮ್ಮಿ ಪೂರ್ತಿಯಾಗಿ ಗರಗಸ ದಾಟಿ ಹೋಗಬೇಕು. 24 ಅಡಿ ದಿಮ್ಮಿಗೆ 84 ಮಿ.ಮೀ. ಗಾಡಿ ಅಂದುಕೊಂಡರೆ ಹಳಿ ಕನಿಷ್ಠ 180 ಮಿ.ಮೀ., ಗರಗಸ ಅದರ ನಡುವೆ. ತುದಿಯಲ್ಲಿ ಗರಗಸ ಇಟ್ಟ ಮಾದರಿ ನೋಡಲು ಎಷ್ಟೇ ಚೆಂದವಿರಲಿ, ಅದರಲ್ಲಿ ಒಂದು ಹಲಗೆಯೂ ಕೊಯ್ಯಲಾಗದು. 60 ಇಂಚಿನ ಗರಗಸಕ್ಕೆ 17.5 ಮಿ.ಮೀ. ತಗಡಿನ ಬಿಲ್ಲೆ ಕತ್ತರಿಸಿ, ಸೂಜಿ ಅರದಿಂದ ಹಲ್ಲು ಎಳೆಯಿರಿ. ಅದು ತನ್ನ ಅಗಲದ ಅರ್ಧದಷ್ಟು ಆಳವನ್ನೂ ಕೊಯ್ಯದು. ಅದಕ್ಕೇ ದಪ್ಪ ದಿಮ್ಮಿಗೆಂದು ಮೇಲೊಂದು ಚಿಕ್ಕ ಗರಗಸ ಇರುತ್ತಿತ್ತು, ಅದನ್ನೂ ಹಾಕಿ.

ಕೆಳ ಅಂತಸ್ತಿಗೆ 3.5 ಮಿ.ಮೀ. ಚೌಕದ ಕಂಬ, ಎತ್ತರ 42 ಮಿ.ಮೀ. ಉದ್ದಕ್ಕೆ 42 ಮಿ.ಮೀ.ಗೊಂದರಂತೆ 11 ಸಾಲು, ಸಾಲಿಗೆ 4, ಒಟ್ಟು 44. ಬಾಸ್‌ವುಡ್ ಎಂಬ ನುಣುಪು ನಾರಿನ ಮರ ಒಳ್ಳೆಯದು. ತೀರಾ ಹಗುರದ ಬಾಲ್ಸಾ ಮರದಲ್ಲಿ ನಾರು ಏಳುತ್ತದೆ.

ಕಡ್ಡಿಗಳನ್ನು ಅಂಟಿಸುವ ಮೊದಲೇ ಬಣ್ಣ ಆಗಬೇಕು, ಅಂಟು ಮೆತ್ತಿದ ಕಡೆ ಮರ ಬಣ್ಣ ಕುಡಿಯುವುದಿಲ್ಲ, ಬಿಳಿ ಕಲೆ ಉಳಿಯುತ್ತದೆ. 250 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಒಂದು ಟೀ ಚಮಚ ಕಪ್ಪು ಇಂಡಿಯನ್ ಇಂಕ್ ಸಾಕು. ಕಡ್ಡಿಗಳನ್ನು ಅದ್ದಿ, ಒರೆಸಿ, ಗಾಜಿನ ಕೆಳಗೆ ಒತ್ತಿಟ್ಟು ಒಣಗಿಸಿ. ನೀರಿನ ಬಣ್ಣ ಬಳಸಿದರೆ ತಿರುಚಿಕೊಳ್ಳುತ್ತವೆ. ಹಲಗೆಗಳಲ್ಲಿ ಮೊಳೆ ತೂತು ಚುಚ್ಚುವ ಗೀಳು ಬೇಡ: ಇಲ್ಲಿನ 1 ಮಿ.ಮೀ. ತೂತು ನಿಜದಲ್ಲಿ 87 ಮಿ.ಮೀ. ಅಗಲ.

ಕಿಡಿ ಹಾರುವ ಬಾಯ್ಲರ್ ಮನೆಗೆ ಸುಕ್ಕು ತಗಡಿನ ಚಾವಣಿ. ಊಟದ ಪಾರ್ಸೆಲ್ಲಿನ ಅಲ್ಯೂಮಿನಿಯಂ ತಟ್ಟೆಯನ್ನು ರಬ್ಬರ್ ಹಾಳೆ ಮೇಲಿಟ್ಟು, 5 ಮಿ.ಮೀ. ಥ್ರೆಡ್ ರಾಡನ್ನು ಒತ್ತಿ ಉರುಳಿಸಿ. ಅದರ ಗೆರೆಗಳ ಅಂತರ 0.8 ಮಿ.ಮೀ.; ನಿಜದ ಸುಕ್ಕಿನ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಗೆರೆ ತುಸು ಓರೆ ಬರುವುದರಿಂದ ಗೆರೆಗೆ ಸಮನಾಗಿ 7 × 28 ಮಿ.ಮೀ. ತುಂಡು ಕತ್ತರಿಸಿ. ತುಕ್ಕಿಗೆ ಒಣ ಪಾಸ್ಟೆಲ್ ಪುಡಿ.

ದಿಮ್ಮಿಗೆ 12-16 ಮಿ.ಮೀ. ದಪ್ಪದ, ತೊಗಟೆಯಲ್ಲಿ ಸಣ್ಣ ಬಿರುಕಿರುವ ರೆಂಬೆ ಹುಡುಕಿ. ಸೀಬೆಯದು ತೀರಾ ನುಣುಪು. ಕೊಳದ ನೀರಿಗೆಂದು ಎಪಾಕ್ಸಿ (ಗಟ್ಟಿಯಾಗುವ ಪಾರದರ್ಶಕ ರಾಳ) ಸುರಿಯುವ ಮುನ್ನ ತಳಕ್ಕೂ ದಿಮ್ಮಿಗಳಿಗೂ ಅದನ್ನೇ ತೆಳುವಾಗಿ ಬಳಿದು ಒಣಗಿಸಿ, ಇಲ್ಲದಿದ್ದರೆ ಮರದೊಳಗಿನ ಗಾಳಿ ಗುಳ್ಳೆಯಾಗಿ ಏಳುತ್ತದೆ. ಒಂದು ಸಲಕ್ಕೆ 3 ಮಿ.ಮೀ. ಮೀರಬೇಡಿ. ದಿಮ್ಮಿಯ ಮೂರನೇ ಒಂದು ಭಾಗ ಮಾತ್ರ ನೀರಿನ ಮೇಲೆ ಕಾಣಲಿ.

ಹೊಟ್ಟಿಗೆ ನಿಜವಾದ ಸಾಮಿಲ್ ಹೊಟ್ಟು ದಪ್ಪವಾಯಿತು. 220 ನಂಬರಿನ ಉಪ್ಪುಕಾಗದದಿಂದ ಬಾಸ್‌ವುಡ್ ಉಜ್ಜಿದ ಪುಡಿಯನ್ನು, ಅರ್ಧ ನೀರು ಬೆರೆಸಿದ ಫೆವಿಕಾಲ್ ಮೇಲೆ ಗರಗಸದ ಅಡಿಗೂ ಸರಪಳಿಯ ಉದ್ದಕ್ಕೂ ಉದುರಿಸಿ.