ಮೆಟಲ್ ಡಿಟೆಕ್ಟರ್ ಕೊಳ್ಳುವ ಮೊದಲು ಬರೆಯಲ್ಲಿ ನಾಣ್ಯವಿಟ್ಟು ನೋಡಿ

ಎರಡು ಮೂರು ಡಿಟೆಕ್ಟರ್ ಹೋಲಿಸುವವರು ಅಂಗಡಿ ಮೇಜಿನ ಮೇಲೆ ನಾಣ್ಯ ಆಡಿಸಿ ತೀರ್ಮಾನಿಸಬೇಡಿ. ತೋಟದ ರಸ್ತೆ ಬದಿಯ ಬರೆಗೆ (ಕಡಿದಾದ ಮಣ್ಣಿನ ಗೋಡೆಗೆ), ಮೇಲಿಂದ ಒಂದು ಗೇಣು ಕೆಳಗೆ, ಹಾರೆಯಿಂದ ಅಡ್ಡಲಾಗಿ ತೂತು ಮಾಡಿ. ಹಳೆಯ ತಾಮ್ರದ ಕಾಸನ್ನು ಕೋಲಿನಿಂದ ಮೊಳದುದ್ದ ಒಳಗೆ ಮಲಗಿಸಿ ತಳ್ಳಿ, ಹಾರೆ ದೂರವಿಟ್ಟು ಮೇಲಿಂದ ಒಂದೊಂದೇ ಯಂತ್ರ ಆಡಿಸಿ. ಅಗೆದು ಹೂತರೆ ಮಣ್ಣು ಸಡಿಲವಾಗಿ ಫಲಿತಾಂಶ ಕೆಡುತ್ತದೆ. ಹೀಗೆ ಅಡ್ಡಲಾಗಿ ತಳ್ಳಿದರೆ ಮೇಲಿನ ಮಣ್ಣು ಅಲುಗುವುದಿಲ್ಲ. ನಮ್ಮ ಕೊಡಗಿನ ಕೆಂಪು ಮಣ್ಣಿನ ಕಬ್ಬಿಣದಂಶವೇ ಸದ್ದು ಎಬ್ಬಿಸುವುದರಿಂದ, ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಸದ್ದು ಅಡಗಿಸುವ ಹೊಂದಾಣಿಕೆ) ಕೈಯಿಂದ ಹೊಂದಿಸಲು ಬರುವ ಯಂತ್ರ ಇಲ್ಲಿ ಮೇಲು. ಆಮೇಲೆ ಕಾಸಿನ ಪಕ್ಕ ತುಕ್ಕು ಹಿಡಿದ ಮೊಳೆ ಇಟ್ಟು ನೋಡಿ, ನಿಜವಾದ ವ್ಯತ್ಯಾಸ ಅಲ್ಲೇ ಗೊತ್ತಾಗುವುದು. ಪಲ್ಸ್ ಇಂಡಕ್ಷನ್ (ವಿದ್ಯುತ್ತನ್ನು ಬಿಟ್ಟು ಬಿಟ್ಟು ಮಿಡಿತವಾಗಿ ಹಾಯಿಸಿ ಲೋಹ ಹುಡುಕುವ) ಯಂತ್ರಗಳು ಇಂಥ ಮಣ್ಣಲ್ಲಿ ಆಳಕ್ಕೆ ಹೋಗುತ್ತವೆ, ಆದರೆ ಮೊಳೆಯನ್ನೂ ಕಾಸನ್ನೂ ಬೇರ್ಪಡಿಸುವುದರಲ್ಲಿ ಹಿಂದೆ. ಆನೆ ತಡೆಯುವ ಸೋಲಾರ್ ಬೇಲಿ, ಕರೆಂಟ್ ಲೈನ್ ಹತ್ತಿರ ಈ ಪರೀಕ್ಷೆ ನಡೆಯುವುದಿಲ್ಲ. ಮಳೆಗಾಲದ ಫಲಿತಾಂಶವನ್ನು ಬೇಸಿಗೆಯದಕ್ಕೆ ಹೋಲಿಸಲೂಬೇಡಿ. ಮಳೆಗಾಲದಲ್ಲಿ ಬರೆ ಹತ್ತಿರ ನಿಲ್ಲುವುದೂ ಬೇಡ. ಮಡಿಕೇರಿ ಕೋಟೆಯಂಥ ಸಂರಕ್ಷಿತ ಜಾಗ, ದೇವರಕಾಡುಗಳಿಗೆ ಯಂತ್ರ ಒಯ್ಯಲೇಬೇಡಿ. ಸ್ವಂತ ತೋಟದಲ್ಲೇ ಹಳೆಯ ನಿಧಿ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು.